ಮುದ್ರೆಯಿಲ್ಲದ ಇಟ್ಟಿಗೆ

ಊರಿನವರ ಬಾಯಲ್ಲಿ ಅವಳು ಇಟ್ಟಿಗೆಯಕ್ಕ. ಹುಟ್ಟಿದ್ದು ಇಟ್ಟಿಗೆಗೂಡಿನ ಪಕ್ಕದ ಗುಡಿಸಲಲ್ಲಿ, ನಡೆಯಲು ಕಲಿತದ್ದು ಒಣಗಲು ಹಾಕಿದ ಹಸಿ ಇಟ್ಟಿಗೆಗಳ ಸಾಲಿನ ನಡುವೆ. ಏಳು ವರ್ಷದವಳಿದ್ದಾಗ ಬಲಗೈ ಹೆಬ್ಬೆರಳಿನ ಮೇಲೆ ಇಟ್ಟಿಗೆ ಬಿದ್ದು ಉಗುರು ನಡುವೆ ಸೀಳಿತು. ಮತ್ತೆ ಬಂದ ಉಗುರೂ ಸೀಳಿಕೊಂಡೇ ಬೆಳೆಯಿತು. ಮದುವೆಯಾಗಿ ಈ ಊರಿಗೆ ಬಂದಾಗ ಅತ್ತೆ ಸೊಸೆಯ ಕೈ ಹಿಡಿದು ನೋಡಿ, "ಅಯ್ಯೋ, ಇದೇನು ಕೈಯೋ ಮರದ ಹಲಗೆಯೋ?" ಅಂದಿದ್ದರಂತೆ. ಅದನ್ನು ಹೇಳಿಕೊಂಡು ಅವಳು ಇಂದಿಗೂ ನಗುತ್ತಾಳೆ. "ಕೊನೆಗೆ ಅದೇ ಹಲಗೆ ಉಜ್ಜಿದ್ರೇನೇ ಅವರ ಬೆನ್ನುನೋವು ಹೋಗ್ತಿದ್ದದ್ದು" ಎಂದು ಸೇರಿಸುತ್ತಾಳೆ.

ಊರ ಹಿಂದೆ ದನ ಮೇಯುತ್ತಿದ್ದ ಒಂದು ದಿಬ್ಬ. ಅವಳ ಗಂಡ ಬದುಕಿದ್ದಾಗಲೇ ಸರ್ಕಾರದವರು ಅದನ್ನು ಅಗೆಸಿದರು. ಬುಟ್ಟಿ ಬೋರಲು ಹಾಕಿದಂಥ ದೊಡ್ಡ ದುಂಡನೆಯ ಕಟ್ಟಡ ಹೊರಬಿತ್ತು, ಪಕ್ಕದಲ್ಲಿ ಸಾಲಾಗಿ ಪುಟ್ಟ ಪುಟ್ಟ ಕೋಣೆಗಳ ಬುಡ. ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಸ್ತೂಪ, ಭಿಕ್ಷುಗಳು ಇರುತ್ತಿದ್ದ ವಿಹಾರ ಎಂದರು ಓದಿದವರು. ಮಣ್ಣಿನ ಬುಟ್ಟಿ ಹೊರಲು ಹೋಗಿದ್ದ ಇಟ್ಟಿಗೆಯಕ್ಕನ ಕಣ್ಣಿಗೆ ಬಿದ್ದದ್ದು ಮಾತ್ರ ಇಟ್ಟಿಗೆಗಳು. ಒಂದೊಂದೂ ಮೊಳದುದ್ದ. ಒಡೆದ ಚೂರೊಂದನ್ನು ಮೂಸಿ, ಉಗುರಿನಿಂದ ಕೆರೆದು, "ಹೊಟ್ಟು ಬೆರೆಸಿದಾರೆ. ಮಣ್ಣು ಕೆರೇದಲ್ಲ, ಹಳ್ಳದ್ದು" ಎಂದಳು. ಕೇಳಿಸಿಕೊಂಡ ಎಂಜಿನಿಯರು ಗಕ್ಕನೆ ತಿರುಗಿದರು. ಕುಸಿದ ಭಾಗಗಳ ದುರಸ್ತಿಗೆ ಅಂಥ ಇಟ್ಟಿಗೆ ಎಲ್ಲೂ ಸಿಗದೆ ಅವರು ತಲೆ ಕೆಡಿಸಿಕೊಂಡಿದ್ದ ದಿನಗಳವು. ಹಾಗೆ ಶುರುವಾಯಿತು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಮನೆ ನಿಂತದ್ದೂ ಅದರ ಮೇಲೆಯೇ.

ಆ ಕೆಲಸಕ್ಕೆ ಒಂದು ಕಟ್ಟುಪಾಡು ಉಂಟು. ಅಚ್ಚಿನಿಂದ ತೆಗೆದ ಪ್ರತಿ ಹಸಿ ಇಟ್ಟಿಗೆಯ ಒಂದು ಮಗ್ಗುಲಿಗೆ ಆ ವರ್ಷದ ಇಸವಿಯ ಕಬ್ಬಿಣದ ಮುದ್ರೆ ಒತ್ತಬೇಕು. ಗೋಡೆಯಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ನೋಡುವವರು ಮೋಸಹೋಗಬಾರದು. ಮುದ್ರೆ ಇದ್ದರೆ ಹೊಸದು, ಇಲ್ಲದಿದ್ದರೆ ಹಳೆಯದು. "ಒಂದು ತಪ್ಪಿದ್ರೂ ಅಲ್ಲಿಗೆ ನಿಮ್ಮ ಕೆಲಸ ಮುಗೀತು" ಎಂದು ಈಗಿನ ಆಫೀಸರ್ ಮೇಡಂ ಬಂದ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದರು. ಹದಿನೆಂಟು ವರ್ಷ ಒಂದೂ ತಪ್ಪಿರಲಿಲ್ಲ.

ತಪ್ಪಿದ್ದು ಹೋದ ವರ್ಷ. ಮಗಳು ಮತ್ತೆ ಹೊಲಿಗೆ ಕಾರ್ಖಾನೆಗೆ ಹೋಗತೊಡಗಿದಳು, ಎಂಟು ತಿಂಗಳ ಕೂಸು ಅಜ್ಜಿಯ ಪಾಲಿಗೆ ಬಿತ್ತು. ಅಂಬೆಗಾಲಿಡುವ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಿದವರಿಗೆ ಗೊತ್ತು: ಹಾಸಿದ ಚಾಪೆಯೊಂದನ್ನು ಬಿಟ್ಟು ಲೋಕದಲ್ಲಿರುವುದೆಲ್ಲ ಅದಕ್ಕೆ ಬೇಕು. ಅಂದು ಅಜ್ಜಿ ಮುದ್ರೆ ಎತ್ತಿಕೊಳ್ಳುವಷ್ಟರಲ್ಲಿ ಕೂಸು ಸರಸರ ಬಂದು, ಮಗ್ಗುಲಾಗಿ ನಿಲ್ಲಿಸಿದ್ದ ಹಸಿ ಇಟ್ಟಿಗೆಯ ಮೇಲೆ ಅಂಗೈ ಊರಿತು. ಹಿಡಿದು ಎಳೆಯುವ ಗಡಿಬಿಡಿಯಲ್ಲಿ ಪಕ್ಕದಲ್ಲೇ ಅಜ್ಜಿಯ ಹೆಬ್ಬೆರಳೂ ಉಗುರು ಸಮೇತ ಒತ್ತಿತು. ಐದೂ ಬೆರಳು ಎಷ್ಟು ಚೆನ್ನಾಗಿ ಮೂಡಿದ್ದವೆಂದರೆ, ಅದರ ಮೇಲೆ ಕಬ್ಬಿಣ ಒತ್ತಲು ಅವಳಿಗೆ ಮನಸ್ಸು ಬರಲಿಲ್ಲ. ಇದೊಂದನ್ನು ಬೇರೆ ಇಡೋಣ ಅಂದುಕೊಳ್ಳುವಷ್ಟರಲ್ಲಿ ಕೂಸಿನ ಬಾಯಿ ತುಂಬ ಮಣ್ಣು. ಬಾಯಿ ತೊಳೆಸಿ, ಅಳು ನಿಲ್ಲಿಸಿ, ಹಾಲು ಕುಡಿಸಿ ಮಲಗಿಸುವಾಗ ಇಟ್ಟಿಗೆ ಮರೆತೇಹೋಯಿತು. ಉಳಿದವುಗಳ ಜೊತೆ ಅದೂ ಗೂಡು ಸೇರಿತು. ಆಮೇಲೆ ಹುಡುಕಿದರೆ ಸಿಗಲಿಲ್ಲ. ಗೂಡಿನಲ್ಲಿ ಒಡೆದುಹೋಗಿರಬೇಕು ಎಂದು ಸುಮ್ಮನಾದಳು.

ಮೊನ್ನೆ ಬೆಳಿಗ್ಗೆ ಅವಳು ಸ್ತೂಪದ ಬುಡದಲ್ಲಿ ಮೈದುನನಿಗೆ ಇಟ್ಟಿಗೆ ಎತ್ತಿ ಕೊಡುತ್ತಿದ್ದಳು. ಅಲ್ಲಿನ ಗಾರೆ ಕೆಲಸವೆಲ್ಲ ಮೈದುನನದೇ. ಆಫೀಸರ್ ಮೇಡಂ ಒಬ್ಬ ವಯಸ್ಸಾದ ಮೇಷ್ಟ್ರನ್ನು ಕರೆದುಕೊಂಡು ಬಂದರು. ಇಂಥ ಹಳೆಯ ಜಾಗಗಳ ಬಗ್ಗೆ ಬಹಳ ಓದಿಕೊಂಡವರಂತೆ. ಬಾಗಿಲಲ್ಲಿ ನಿಲ್ಲಿಸುವ ಹೊಸ ಬೋರ್ಡಿಗೆ ಅವರೇ ಬರೆದುಕೊಡಬೇಕಿತ್ತು. ಸುತ್ತು ಹಾಕುತ್ತಿದ್ದ ಮೇಷ್ಟ್ರು ಒಂದು ಕಡೆ ತಟಕ್ಕನೆ ಕುಕ್ಕರಗಾಲಲ್ಲಿ ಕೂತರು.

"ಮೇಡಂ, ಬನ್ನಿ ಇಲ್ಲಿ! ಮಗುವಿನ ಕೈ!"

ಇಟ್ಟಿಗೆಯಕ್ಕ ಬಗ್ಗಿ ನೋಡಿದಳು. ಪುಟ್ಟ ಅಂಗೈ. ಪಕ್ಕದಲ್ಲಿ ಹೆಬ್ಬೆರಳಿನ ಗುರುತು, ಉಗುರಿನ ನಡುವೆ ಸೀಳು. ಮೈದುನನ ತೋಳು ಜಗ್ಗಿ ಪಿಸುಗುಟ್ಟಿದಳು, "ಇದನ್ನ ಯಾವಾಗ ಇಟ್ಟೆ ಇಲ್ಲಿ?"

"ಹೋದ ವರ್ಷ. ಮೂಲೇಲಿ ಬಿದ್ದಿತ್ತು. ಸೀಲ್ ಇರ್ಲಿಲ್ಲ, ಹಳೇದು ಅಂತ ಹಳೇದರ ಸಾಲಲ್ಲೇ ಮರ್ಯಾದೆಯಾಗಿ ಕೂರಿಸಿದೆ. ಯಾಕೆ?"

"ಅದು ನಮ್ ಪುಟ್ಟೀದು ಕಣೋ."

ಮೈದುನನ ಕೈಯಲ್ಲಿದ್ದ ಗಾರೆ ಕಾಲ ಮೇಲೆ ಬಿತ್ತು. "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ತುಟಿ ಪಿಟಕ್ ಅನ್ಬೇಡಿ. ನಿಮ್ಮ ಜೊತೆ ನನ್ನ ಕೆಲಸಾನೂ ಹೋಗತ್ತೆ."

ಅವಳು ಇನ್ನೊಂದು ಇಟ್ಟಿಗೆ ಎತ್ತಿಕೊಂಡಳು. ಅವನು ಹೇಳಿದ್ದು ಸುಳ್ಳಲ್ಲ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಹೋಗಿ ಬುಟ್ಟಿ ಹೊರಲಿ? ಅಷ್ಟಕ್ಕೂ ಒಂದು ಇಟ್ಟಿಗೆ. ಯಾರಿಗೇನು ನಷ್ಟ?

ಮೇಷ್ಟ್ರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ದನಿ ಒದ್ದೆಯಾಗಿತ್ತು. "ಎರಡು ಸಾವಿರ ವರ್ಷ ನೋಡಿ ಮೇಡಂ. ಯಾವ ತಾಯಿ ಎತ್ತಿ ಆಡಿಸಿದ ಕೂಸೋ. ಈ ಕೈ ಮಣ್ಣಾಗಿ ಎಷ್ಟು ಕಾಲ ಆಯ್ತೋ. ಬೋರ್ಡಿನಲ್ಲಿ ಮೊದಲನೇ ಸಾಲು ಇದೇ. ಬನ್ನಿ, ಅದಕ್ಕೋಸ್ಕರ ಒಂದು ನಿಮಿಷ ಸುಮ್ಮನೆ ನಿಲ್ಲೋಣ."

ಮೇಡಂ ಕಪ್ಪು ಕನ್ನಡಕ ತೆಗೆದು ತಲೆ ತಗ್ಗಿಸಿದರು. ಮೈದುನನೂ ಬೆಪ್ಪನಂತೆ ತಗ್ಗಿಸಿದ. ಇನ್ನು ಬರುವವರೆಲ್ಲ ಹೀಗೇ ನಿಲ್ಲುತ್ತಾರೆ, ಬೋರ್ಡು ಓದಿ ಓದಿ ಲೊಚಗುಟ್ಟುತ್ತಾರೆ ಎಂದು ಇಟ್ಟಿಗೆಯಕ್ಕನಿಗೆ ಹೊಳೆದದ್ದೇ ತಡ, ಕೆಲಸ, ಕೂಳು ಎಲ್ಲ ಮರೆತುಹೋಯಿತು.

"ಬಿಡ್ತು ಅನ್ನಿ ಮೇಷ್ಟ್ರೇ, ಬಿಡ್ತು ಅನ್ನಿ! ಅದು ನನ್ನ ಮೊಮ್ಮಗಳ ಕೈ! ಅವಳು ಪಕ್ಕದ್ಮನೇಲಿ ಅನ್ನ ಚೆಲ್ಕೊಂಡು ಕೂತಿದಾಳೆ!"

ಹೇಳಿದ ಮೇಲೆ ಇನ್ನೇನು ಉಳಿಯಿತು? ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹೆಬ್ಬೆರಳನ್ನು ಗುರುತಿನ ಮೇಲಿಟ್ಟು ತೋರಿಸಿದಳು. "ಅವನದೇನೂ ತಪ್ಪಿಲ್ಲ ಮೇಡಂ, ತಪ್ಪು ನಂದು. ಬಿಡಿಸೋದಾದ್ರೆ ನನ್ನೊಬ್ಬಳನ್ನ ಬಿಡಿಸಿ. ಆದ್ರೆ ಬದುಕಿರೋ ಮಗೂನ ಹಾಗೆ ಬರೆಸ್ಬೇಡಿ."

ಮೇಷ್ಟ್ರು ಟೋಪಿ ಹಾಕಿಕೊಂಡರು, ಮತ್ತೆ ತೆಗೆದರು. ಬರೆದುಕೊಂಡಿದ್ದನ್ನು ಅಡ್ಡಗೆರೆ ಹೊಡೆದು, ಯಾರನ್ನೂ ನೋಡದೆ, "ಅಷ್ಟು ಹೊತ್ತು ಕೂತು ನೋಡಿದೆನಲ್ಲ, ಹೊಸದು ಅಂತ ನನಗೆ ಹೊಳೀಲೇ ಇಲ್ಲ" ಎಂದರು. ಅವರ ಮುಖ ನೋಡಿ ಇಟ್ಟಿಗೆಯಕ್ಕ ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು.

"ಬೇಜಾರು ಮಾಡ್ಕೋಬೇಡಿ. ನಿಜವಾದ ಹಳೇ ಕೈ ಬೇಕಾ? ಬನ್ನಿ."

ಕೋಣೆಗಳ ಕಡೆ ಕರೆದೊಯ್ದು ಒಂದು ಮೂಲೆಯಲ್ಲಿ ಕೂರಿಸಿದಳು. "ಅಚ್ಚಿಂದ ಇಟ್ಟಿಗೆ ಬಿಡಿಸುವಾಗ ಮೂಲೆಗೆ ಹೆಬ್ಬೆರಳು ತಾಗತ್ತೆ. ನಂದು ಬಲಗಡೆ ತಾಗತ್ತೆ, ಎಲ್ಲರದೂ ಹಂಗೇ. ಈ ಕೋಣೇದು ಮಾತ್ರ ನೋಡಿ, ಎಲ್ಲಾ ಎಡಗಡೆ. ಇದನ್ನ ಮಾಡಿದೋನು ಎಡಚ. ಕೆಲಸ ಚೊಕ್ಕ, ಆದ್ರೆ ಸಂಜೆ ಸಂಜೆಗೆ ಸೋಮಾರಿ. ಈ ಸಾಲಲ್ಲಿ ಮಣ್ಣೇ ಸರಿಯಾಗಿ ತುಳಿದಿಲ್ಲ."

ಮೇಷ್ಟ್ರು ಇಟ್ಟಿಗೆಯಿಂದ ಇಟ್ಟಿಗೆಗೆ ಬೆರಳಿಟ್ಟು ನೋಡುತ್ತ ಹೋದರು. ಅವರ ಹೆಬ್ಬೆರಳು ಗುಳಿಗಳಲ್ಲಿ ಸರಿಯಾಗಿ ಕೂರುತ್ತಿತ್ತು. "ಇದು ನಿಮಗೆ ಎಷ್ಟು ದಿನದಿಂದ ಗೊತ್ತು?"

"ಮೊದಲ ವರ್ಷದಿಂದ."

"ಯಾರಿಗೂ ಹೇಳಲಿಲ್ವಾ?"

"ಯಾರು ಕೇಳಿದ್ರು?"

ಮೇಡಂ ನೇರವಾಗಿ ಇಟ್ಟಿಗೆಯ ಅಂಗಳಕ್ಕೆ ನಡೆದರು. ಬಿಸಿಲಲ್ಲಿ ನಿಂತು ಒಟ್ಟಿದ್ದ ಅಷ್ಟೂ ಇಟ್ಟಿಗೆಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದರು. ಒಳ್ಳೆಯ ಸೀರೆಯ ಸೆರಗು ಮಣ್ಣಾಯಿತು, ಊಟದ ಹೊತ್ತು ಮೀರಿತು. ಇಟ್ಟಿಗೆಯಕ್ಕ ನೀರಿನ ಚೊಂಬು ಹಿಡಿದುಕೊಂಡು ಹಿಂದೆ ಹಿಂದೆ ಸುತ್ತಿದಳು. ಮುದ್ರೆಯಿಲ್ಲದ್ದು ಒಂದೂ ಸಿಗಲಿಲ್ಲ. ಕೊನೆಗೆ ಮೇಡಂ ಚೊಂಬು ಇಸಿದುಕೊಂಡು ಗಟಗಟ ಕುಡಿದರು.

"ಆ ಇಟ್ಟಿಗೆ ಇವತ್ತೇ ಗೋಡೆಯಿಂದ ಹೊರಗೆ ಬರಬೇಕು. ಸೀಲ್ ಇರೋದು ಅಲ್ಲಿ ಕೂರಬೇಕು. ತೆಗೆದದ್ದು ಈ ಜಾಗದಲ್ಲಿ ಕಾಣಬಾರದು, ಇನ್ಯಾರೋ ಅದರ ಮುಂದೆ ನಿಂತು ಅಳೋದು ಬೇಡ." ಚೊಂಬು ವಾಪಸು ಕೊಟ್ಟು, "ಸೋಮವಾರ ಮುಂದಿನ ಇಟ್ಟಿಗೆ ಶುರು ಮಾಡಿ. ಮಗೂನ ಕಟ್ಟಿಹಾಕೋ ಹಾಗಿಲ್ಲ, ನಂಗೂ ಗೊತ್ತು, ನಮ್ಮನೇಲೂ ಒಂದಿದೆ. ಮೊದಲು ಸೀಲ್ ಒತ್ತಿ, ಆಮೇಲೆ ಅದು ಏನು ಬೇಕಾದ್ರೂ ಒತ್ತಲಿ" ಎಂದರು.

ಮೈದುನ ಅರ್ಧ ದಿನ ಕೂತು, ಅಕ್ಕಪಕ್ಕದ ಹಳೆಯ ಇಟ್ಟಿಗೆಗೆ ಒಂದು ಗೀರೂ ಬೀಳದಂತೆ, ಗಾರೆ ಕೆರೆದು ಅದನ್ನು ಹೊರತೆಗೆದ. ಇಟ್ಟಿಗೆಯಕ್ಕ ಅದನ್ನು ಸೊಂಟದ ಮೇಲಿಟ್ಟುಕೊಂಡು ಮನೆಗೆ ಹೊರಟಳು. ಹಳೆಯ ಅಳತೆಯ ಇಟ್ಟಿಗೆ, ಪುಟ್ಟಿಗಿಂತ ಭಾರ.

ಹೊಸ್ತಿಲ ಬಳಿ ಇಳಿಸಿ, ಪುಟ್ಟಿಯನ್ನು ಕೂಗಿದಳು. ಈಗ ಓಡಾಡುವ ಮಗು. "ಎಲ್ಲಿ ಬಂಗಾರ, ಕೈ ಇಡು ನೋಡೋಣ." ಪುಟ್ಟಿ ಮುಷ್ಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. ಬೆರಳು ಬಿಡಿಸಲು ಹೋದರೆ ಕಿರುಚಿದಳು. ಆಮೇಲೆ ತನ್ನಷ್ಟಕ್ಕೆ ತಾನೇ ಇಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಹಿಂದುಹಿಂದಾಗಿ ಸರಿದು, ಅದರ ಮೇಲೆ ಕೂತುಬಿಟ್ಟಳು.

"ಆಯ್ತು ತಾಯಿ, ಕೂತ್ಕೋ" ಎಂದು ಅಜ್ಜಿ ಅನ್ನದ ತಟ್ಟೆ ತರಲು ಒಳಗೆ ಹೋದಳು.