ಊರಿಗೆಲ್ಲ ಉಷ್ಣ

ಡೆಂಕಣಿಕೋಟೆಯ ಸುತ್ತಿನ ಹಳ್ಳಿಗಳಿಗೆಲ್ಲ ಕದಿರಮ್ಮನೇ ಸೂಲಗಿತ್ತಿ. ಒಳಗೆ ಹೆಂಗಸರಿಗೆ ಏನೇ ಆಗಿರಲಿ, ಹೊರಗೆ ಬಂದು ಅವಳು ಹೇಳುತ್ತಿದ್ದ ಕಾಯಿಲೆ ಒಂದೇ: ಉಷ್ಣ.

ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ನನ್ನ ಅಮ್ಮನ, ಇನ್ನೂ ಯಾರಿಗೂ ಹೇಳಿರದ ಎರಡನೆಯ ಬಸಿರೂ ಇಳಿದುಹೋಯಿತು. ಮೊದಲನೆಯದು ಹೋದಾಗಲೇ, "ಇನ್ನೊಂದು ಹಿಂಗಾದ್ರೆ ಮಗನಿಗೆ ಬೇರೆ ಹೆಣ್ಣು ತತ್ತೀನಿ" ಎಂದು ಅಜ್ಜಿ ಸಾರಿದ್ದಳು. ಈಗ ಕದಿರಮ್ಮ ಹೊರಗೆ ಬರುತ್ತಲೇ ಅಜ್ಜಿ ಅಡ್ಡ ನಿಂತಳು.

"ಏನಾಗದೆ ನನ್ನ ಸೊಸೆಗೆ? ನಿಜ ಹೇಳು."

"ಉಷ್ಣ ಕಣಕ್ಕಾ."

"ಊರೋರ್ಗೆಲ್ಲ ಉಷ್ಣಾನೇ ಏನಮ್ಮಿ?"

"ದಿನಾ ಒಲೆ ಮುಂದೆ ಕುಂತೋರ್ಗೆ ತಂಪಾಯ್ತದಾ? ಹತ್ತು ದಿನ ರಾಗಿಕಲ್ಲು ಮುಟ್ಟಿಸ್ಬ್ಯಾಡ. ನೆತ್ತಿಗೇರ್ತದೆ."

"ಮತ್ತೆ ಹಿಟ್ಟು ಬೀಸೋರ್ಯಾರು?"

"ನೀನು ತಣ್ಣಗಿದ್ದೀಯಲ್ಲ!"

ಅಜ್ಜಿ ಗೊಣಗುತ್ತಲೇ ಹತ್ತು ದಿನ ನಸುಕಿಗೆದ್ದು ರಾಗಿ ಬೀಸಿದಳು. ಬೇರೆ ಹೆಣ್ಣಿನ ಮಾತು ಏಳಲಿಲ್ಲ. ಎರಡು ವರ್ಷಕ್ಕೆ ನಾನು ಹುಟ್ಟಿದೆ. ಕದಿರಮ್ಮ ಸಾಯುವವರೆಗೂ ಆ ಬಸಿರಿನ ಮಾತನ್ನು ಯಾರೊಂದಿಗೂ ಆಡಲಿಲ್ಲ. ನನಗೆ ಹೇಳಿದವಳು ಅಮ್ಮನೇ, ತನ್ನ ಮುಪ್ಪಿನಲ್ಲಿ. ಕಳೆದುಕೊಂಡ ಕೂಸಿಗೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಮದುವೆಯಾದ ಮೇಲೆ ಬೆಳಕು ಹರಿಯುವವರೆಗೆ ತಾನು ಮಲಗಿದ್ದು ಆ ಹತ್ತು ದಿನ ಮಾತ್ರ ಎಂದು ನೆನೆದು ನಕ್ಕಳು.