ಬೀಟ್‌ರೂಟ್ ಮತ್ತು ವೈನಿಯ ನುಗ್ಗೆ ಸೊಪ್ಪು

ಮೊನ್ನೆ ಬೀಟ್‌ರೂಟ್ ತುರಿಯುವಾಗ ಬೆರಳೆಲ್ಲ ಕೆಂಪಾದವು. ಎರಡು ಸಲ ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ. ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಾಗ ಹುಮನಾಬಾದಿನ ಪಕ್ಕದ ಮನೆಯಲ್ಲಿದ್ದ, ಅತ್ತಿಗೆಯ ಸಲುಗೆಯಿಂದ ನಾನು ‘ವೈನಿ’ ಎಂದು ಕರೆಯುತ್ತಿದ್ದವಳು ನೆನಪಾದಳು...

ತೊಂಬತ್ತರ ದಶಕದ ಕೊನೆಯ ಮಾತು. ಮಾಣಿಕನಗರದ ದಾರಿಯಲ್ಲಿ ನಮ್ಮೆರಡೂ ಮನೆಗಳ ಅಂಗಳದ ನಡುವೆ ಒಂದೇ ಗಿಡ್ಡ ಗೋಡೆ. ನನಗೂ ವೈನಿಗೂ ಚೊಚ್ಚಲು ಬಸಿರು, ಇಬ್ಬರಿಗೂ ಐದನೇ ತಿಂಗಳು. ದವಾಖಾನೆಯಲ್ಲಿ ಬೆರಳು ಚುಚ್ಚಿ ನೋಡಿದ ನರ್ಸಮ್ಮ ನನಗೆ ರಕ್ತ ಕಡಿಮೆಯಿದೆ, ವೈನಿಗೆ ಚೆನ್ನಾಗಿದೆ ಎಂದರು. ಅವತ್ತಿನಿಂದ ನನ್ನ ಅತ್ತೆಯದು ಒಂದೇ ಮಾತು: “ಅಕಿ ಮಾರಿ ನೋಡು, ಹ್ಯಾಂಗ ಕಳಿ ಅದ.” ನನ್ನ ಹೊಟ್ಟೆಯಲ್ಲಿ ಮಗುವಿನ ಜೊತೆ ಕಿಚ್ಚೂ ಬೆಳೆಯತೊಡಗಿತು.

ಗಂಡ ಸಂತೆಯಿಂದ ಬೀಟ್‌ರೂಟ್ ತಂದರು. ಕೆಂಪಗಿರುವುದನ್ನು ತಿಂದರೆ ರಕ್ತವಾಗುತ್ತದೆಂದು ನಮ್ಮ ನಂಬಿಕೆ. ನಾನು ಬೇಕೆಂದೇ ಅಂಗಳದಲ್ಲಿ ಕೂತು, ವೈನಿಗೆ ಕಾಣುವಂತೆ ಹೆಚ್ಚುತ್ತಿದ್ದೆ. ಅವಳು ತನ್ನ ಹಿತ್ತಿಲ ನುಗ್ಗೆಯ ಎಲೆ ಬಿಡಿಸುತ್ತ ಅಂದಳು: “ಬಣ್ಣ ಕೆಂಪ ಇದ್ರ ರಕ್ತ ಆಗಂಗಿಲ್ಲ ತಂಗಿ. ಬೀಟ್‌ರೂಟಿಗಿಂತ ಈ ತಪ್ಪಲದಾಗ ಕಬ್ಬಿಣದಂಶ ಭಾಳ ಅದ ಅಂತ ನರ್ಸಮ್ಮ ಹೇಳ್ಯಾರ.”

ಮರುದಿನದಿಂದ ಗೋಡೆಯ ಮೇಲೆ ನನಗಾಗಿ ಹಿಡಿ ತುಂಬ ಸೊಪ್ಪು ಇರುತ್ತಿತ್ತು. ಅವಳು ಕೊಟ್ಟದ್ದು ತಿಂದು ಅವಳಂತಾಗುವುದೇ? ದಿನವೂ ಅದನ್ನು ನಮ್ಮ ಮನೆಯ ಆಡಿಗೆ ಹಾಕಿದೆ. ಓಕರಿಕೆ ಬರುತ್ತದೆಂದು ನರ್ಸಮ್ಮ ಕೊಟ್ಟ ಕಬ್ಬಿಣದ ಗುಳಿಗೆಯನ್ನೂ ಬಿಟ್ಟಿದ್ದೆ.

ಏಳನೇ ತಿಂಗಳಲ್ಲಿ ನೋಡಿದರೆ ನನ್ನ ರಕ್ತ ಇನ್ನೂ ಇಳಿದಿತ್ತು. “ಏನ್ ತಿನ್ನಾಕತ್ತೀರಿ?” ಎಂದು ನರ್ಸಮ್ಮ ಕೇಳಿದಾಗ ವೈನಿ ಪಕ್ಕದಲ್ಲೇ ನಿಂತಿದ್ದಳು. “ದಿನಾ ನುಗ್ಗಿ ತಪ್ಪಲ್ರಿ, ಗುಳಿಗಿನೂ ತಗೋತೀನ್ರಿ” ಎಂದುಬಿಟ್ಟೆ. ಇಷ್ಟಾದರೂ ಏರದಿದ್ದರೆ ಬೇರೆ ಕಾಯಿಲೆ ಇರಬೇಕೆಂದು ಅವರು ಬಸವಕಲ್ಯಾಣದ ದೊಡ್ಡ ಡಾಕ್ಟರಿಗೆ ಚೀಟಿ ಬರೆದರು.

ಗಂಡ ಊರಲ್ಲಿರಲಿಲ್ಲ, ಅತ್ತೆಗೆ ಬಸ್ಸು ಆಗಿಬರುತ್ತಿರಲಿಲ್ಲ. ಏಳು ತಿಂಗಳ ಬಸುರಿ ವೈನಿಯೇ ನನ್ನ ಜೊತೆ ಹೊರಟಳು. ಕುಲುಕಾಡುವ ಬಸ್ಸಿನಲ್ಲಿ ನನ್ನ ಕೈ ಹಿಡಿದು “ಏನೂ ಆಗಂಗಿಲ್ಲ” ಎನ್ನುತ್ತಿದ್ದಳು. ತಡೆಯಲಾಗದೆ ಹೇಳಿದೆ: “ವೈನಿ, ನಿಮ್ಮ ತಪ್ಪಲಾ ಎಲ್ಲಾ ಆಡಿಗೆ ಹಾಕೀನ್ರಿ. ನಿಮ್ಮ ಮ್ಯಾಲೆ ಹೊಟ್ಟಿಕಿಚ್ಚ ಇತ್ರಿ.”

ಅವಳು ಕೈ ಬಿಡಿಸಿಕೊಂಡಳು. ಕಿಟಕಿಯ ಕಡೆಗೆ ಸರಿದು ಕೂತಳು.

“ನನಗೂ ಇತ್ತು,” ಎಂದಳು ಆಮೇಲೆ. “ನಿಮ್ಮ ಮನಿಯವ್ರು ಚೀಲ ತುಂಬಿ ತರೂದು ನೋಡತಿದ್ದೆ. ನನಗ ಬಸುರಿ ಅಂತ ಒಂದ್ ಬಾಳಿಹಣ್ಣ ಸೈತ ಯಾರೂ ತಂದಿಲ್ಲ. ಗಿಡ ಹಿತ್ತಲದಾಗ ಇತ್ತು, ಅದಕ್ಕ ತಪ್ಪಲ ತಿಂದೆ.”

ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ಅವಳಿಗೂ ನನ್ನ ಮೇಲೆ ಕಿಚ್ಚಿತ್ತೆಂದು ಕೇಳಿ ನನಗೆ ಒಳಗೊಳಗೇ ಹಿತವೆನಿಸಿತು.

ಡಾಕ್ಟರ ಮುಂದೆ ನಿಜ ಹೇಳಿದೆ. ಪರೀಕ್ಷೆ ಮಾಡಿ, ಬೇರೆ ಕಾಯಿಲೆಯಿಲ್ಲವೆಂದು ಹೇಳಿ ಚೆನ್ನಾಗಿ ಬೈದು ಕಳಿಸಿದರು. ಗುಳಿಗೆ ನುಂಗಿದೆ, ಸೊಪ್ಪೂ ತಿಂದೆ, ರಕ್ತ ಏರಿತು. ಇಬ್ಬರಿಗೂ ಹೆಣ್ಣು ಹುಟ್ಟಿತು. ಕೆಲವು ವರ್ಷಗಳ ಮೇಲೆ ವೈನಿಯ ಸಂಸಾರ ಮಂಠಾಳಕ್ಕೆ ಹೋಯಿತು. ಮೊದಮೊದಲು ವೈನಿ ಬಂದು ಹೋಗುತ್ತಿದ್ದಳು, ಬರಬರುತ್ತ ಅದೂ ನಿಂತಿತು... ಕಳೆದ ವರ್ಷ ಅವಳು ತೀರಿಕೊಂಡಳಂತೆ. ನನಗೆ ಗೊತ್ತಾಗುವಷ್ಟರಲ್ಲಿ ತಿಂಗಳಾಗಿತ್ತು.

ಆ ಬಸ್ಸಿನ ದಿನದ ನಂತರವೂ ನಾವು ಗೋಡೆಯ ಆಚೆ ಈಚೆ ಎಷ್ಟೋ ದಿನ ಬದುಕಿದೆವು. ಆ ಮನೆಯಲ್ಲಿ ಅವಳು ಹೇಗಿದ್ದಾಳೆ, ಅವಳಿಗೆ ಯಾರೂ ಯಾಕೆ ಏನೂ ತರುವುದಿಲ್ಲ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.