ಗೌರಮ್ಮನವರ ಮನೆಗೆ ಇಬ್ಬರು ಗಿರಾಕಿಗಳು

ಮನೆ ಕೊಳ್ಳಲು ಹೋದವರೆಲ್ಲ ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡುತ್ತಾರೆ. ಗೋಡೆ ಏನು ಹೇಳಿತೆಂದು ಇದುವರೆಗೆ ಯಾರೂ ನನಗೆ ತಿಳಿಸಿಲ್ಲ. ಆದರೂ ನಾನೂ ಕುಟ್ಟಿದ್ದೇನೆ, ಕುಟ್ಟಿ ಗಂಭೀರವಾಗಿ ತಲೆಯಾಡಿಸಿ 'ಹೂಂ' ಎಂದಿದ್ದೇನೆ. ಆ ಹೂಂಕಾರದಲ್ಲಿ ಮೆಚ್ಚುಗೆಯ ಲವಲೇಶವೂ ಇಣುಕಬಾರದೆಂಬುದು ಗೃಹಾನ್ವೇಷಣೆಯ ಮೊದಲನೆಯ ಸೂತ್ರ. ಮೆಚ್ಚಿದ್ದು ಮುಖದಲ್ಲಿ ಕಂಡರೆ ಬೆಲೆ ಏರುತ್ತದಂತೆ. ಹಾಗಾಗಿ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಗೌರಮ್ಮನವರ ಮನೆ ನೋಡಲು ಹೋದ ದಿನ ನಾನೂ ನನ್ನ ಹೆಂಡತಿ ವಸಂತಳೂ ಮುಖ ಸಿಂಡರಿಸಿಕೊಂಡೇ ಇರಬೇಕೆಂದು ದಾರಿಯಲ್ಲೇ ಒಪ್ಪಂದ ಮಾಡಿಕೊಂಡಿದ್ದೆವು. ನಾನು ನಡುಮನೆಯ ಗೋಡೆ ಕುಟ್ಟುತ್ತಿದ್ದಾಗ ಒಳಗಿನಿಂದ ಅವಳ ಧ್ವನಿ ಕೇಳಿಸಿತು: "ಅಯ್ಯೋ ಗೌರಮ್ಮನವರೇ, ಎಷ್ಟು ಚೆನ್ನಾಗಿದೆ ರೀ ಅಡುಗೆಮನೆ!" ಒಪ್ಪಂದ ಅಲ್ಲಿಗೆ ಮುರಿದುಬಿತ್ತು.

ಅವಳನ್ನು ದೂರುವಂತಿರಲಿಲ್ಲ. ಅಡುಗೆಮನೆಯ ಕಿಟಕಿಗೆ ಹಿತ್ತಲಿನ ಎರಡು ತೆಂಗಿನ ಮರಗಳ ನೆರಳು ಬೀಳುತ್ತಿತ್ತು. ಅಟ್ಟದಲ್ಲಿ ಒಣಗಿದ ಕೊಬ್ಬರಿಯ ಸಿಹಿ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಕೆಳಗಡೆಯೇ ಎರಡು ಕೋಣೆ, ಮುಂದೆ ಒಂದು ಜಗುಲಿ. ನಮ್ಮ ಬಾಡಿಗೆ ಮನೆಯ ಮಾಲೀಕರು ಮಗಳ ಸಂಸಾರ ಬರುತ್ತಿದೆಯೆಂದು ಯುಗಾದಿಯೊಳಗೆ ಮನೆ ಬಿಡಲು ಹೇಳಿದ್ದರಿಂದ, ನನ್ನ ಕಣ್ಣಿಗೆ ಅದು ಮನೆಯಾಗಿ ಕಾಣದೆ ಮೋಕ್ಷವಾಗಿಯೇ ಕಂಡಿತು. ಗೌರಮ್ಮನವರ ಯಜಮಾನರಾದ ರುದ್ರಯ್ಯ ಕೊಬ್ಬರಿ ವ್ಯಾಪಾರಿ. ಬಿಳಿಗೆರೆಯ ತೋಟದಲ್ಲಿ ಹೊಸ ಮನೆ ಕಟ್ಟಿಸಿದ್ದರು. ಇದನ್ನು ಮಾರಿ ಅಲ್ಲಿಗೆ ಹೋಗುವ ಅವಸರ ಅವರದು.

ಎರಡೇ ದಿನಕ್ಕೆ ಬ್ರೋಕರ್ ಕೆಂಚಪ್ಪ ಮನೆಗೆ ಬಂದ. "ಮೇಷ್ಟ್ರೆ, ಇನ್ನೊಬ್ರು ಕೇಳ್ತಾ ಅವ್ರೆ ಕಣ್ರೀ. ನಿಮಗಿಂತ ಒಂಚೂರು ಮುಂದಕ್ಕೇ ಹೋಗವ್ರೆ."

"ಯಾರಪ್ಪ ಅದು?"

"ಹೆಸ್ರು ಕೇಳ್ಬ್ಯಾಡಿ. ನಿಮ್ ಹೆಸ್ರು ಅವ್ರಿಗೆ ಹೇಳಿದ್ರೆ ನಿಮಗ್ ಚೆನ್ನಾಗಿರ್ತದಾ?"

ಕೋಟೆಗಾಗಿ ಕಾದಾಡಿದ ಅರಸರ ಮೂರ್ಖತನವನ್ನು ವರ್ಷವಿಡೀ ತರಗತಿಯಲ್ಲಿ ವರ್ಣಿಸುವ ಇತಿಹಾಸದ ಉಪನ್ಯಾಸಕನಾದ ನಾನು, ವಸಂತಳನ್ನು ಒಂದು ಮಾತೂ ಕೇಳದೆ, ನಿಂತ ನಿಲುವಿನಲ್ಲೇ ಬೆಲೆ ಏರಿಸಿದೆ. ಅಲ್ಲಿಂದ ನನ್ನ ನೆಮ್ಮದಿ ಹಾರಿಹೋಯಿತು. ಕರಿಬೇವು ತರುವ ನೆಪದಲ್ಲಿ ದಿನವೂ ಆ ಬೀದಿಗೆ ಹೋಗತೊಡಗಿದೆ. ಅಲ್ಲಿ ನಿಂತ ಕಾರುಗಳೆಲ್ಲ ಶತ್ರುವಿನವು, ಬೀದಿಯಲ್ಲಿ ತಲೆಯೆತ್ತಿ ಮನೆಗಳತ್ತ ನೋಡಿದವರೆಲ್ಲ ಶತ್ರುಗಳು. ಒಬ್ಬ ಮನುಷ್ಯ ಗೌರಮ್ಮನವರ ಗೇಟಿನ ಮುಂದೆ ಬಹಳ ಹೊತ್ತು ನಿಂತದ್ದನ್ನು ಕಂಡು ಎದೆ ಬಡಿದುಕೊಂಡಿತು. ಅವನು ಕರೆಂಟಿನ ಮೀಟರ್ ನೋಡುವವನೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಒಗ್ಗರಣೆಗೆ ಮೀರಿದಷ್ಟು ಕರಿಬೇವು ಸೇರಿತು.

ನಾನು ಕೆಲಸ ಮಾಡುವುದು ತುರುವೇಕೆರೆಯ ಕಾಲೇಜಿನಲ್ಲಿ. ಅರ್ಥಶಾಸ್ತ್ರದ ಶಾಂತಕುಮಾರರ ಬೈಕಿನ ಹಿಂದಿನ ಸೀಟು ಬಹಳ ವರ್ಷಗಳಿಂದ ನನಗೇ ಮೀಸಲು. ತೋಟಗಳ ನಡುವಿನ ಆ ದಾರಿಯಲ್ಲಿ ನಾವು ಮಾತಾಡದ ವಿಷಯವಿಲ್ಲ. ಅವರ ತಾಯಿಗೆ ಮಂಡಿನೋವು, ಮಹಡಿಯ ಬಾಡಿಗೆ ಮನೆಯ ಮೆಟ್ಟಿಲು ಹತ್ತಿಳಿಯಲಾಗದೆ ತಿಂಗಳುಗಟ್ಟಲೆ ಒಳಗೇ ಉಳಿದಿದ್ದಾರೆ ಎಂಬುದು ನನಗೆ ಗೊತ್ತಿತ್ತು. "ಕೆಳಗಡೆ ಮನೆ ಯಾವುದಾದರೂ ನೋಡಿ ಸಾರ್, ತಡಮಾಡಬೇಡಿ" ಎಂದು ಉಪದೇಶಿಸಿದವನೂ ನಾನೇ. ನಮ್ಮ ಮನೆ ಬೇಟೆಯ ವಿಚಾರವನ್ನು ಮಾತ್ರ, ಕೈಗೂಡಿದ ಮೇಲೆ ಹೇಳಿದರಾಯಿತೆಂದು ಮುಚ್ಚಿಟ್ಟಿದ್ದೆ.

ಆ ಭಾನುವಾರ ವಸಂತಳೊಡನೆ ಗೌರಮ್ಮನವರ ಮನೆಗೆ ಹೋದಾಗ ಗೇಟಿನ ಬಳಿ ಆ ಬೈಕು ನಿಂತಿತ್ತು. ಸೀಟಿನ ಹರಿದ ಮೂಲೆಗೆ ಟೇಪು ಅಂಟಿಸಿದವನು ನಾನೇ ಆದ್ದರಿಂದ ಗುರುತಿನ ಬಗ್ಗೆ ಸಂಶಯಕ್ಕೆ ಎಡೆಯಿರಲಿಲ್ಲ. ಒಳಗೆ ಶಾಂತಕುಮಾರರು ಕೋಣೆಯ ಅಗಲ ಅಳೆಯುತ್ತಿದ್ದರು. ಅವರ ಹೆಂಡತಿ ಭಾರತಿ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದಿದ್ದರು. ನನ್ನನ್ನು ಕಂಡದ್ದೇ ಪಟ್ಟಿ ಅವರ ಕೈಯಿಂದ ಜಾರಿ ಸರ್ರನೆ ಡಬ್ಬಿಯೊಳಗೆ ಓಡಿಹೋಯಿತು.

"ಏನ್ ಸಾರ್, ಈ ಕಡೆ?" ಎಂದರು ಶಾಂತಕುಮಾರರು.

"ಸುಮ್ನೆ, ಹಿಂಗೇ... ಕರಿಬೇವು" ಎಂದೆ.

ಸೋಮವಾರ ಬೈಕು ಎಂದಿನಂತೆ ನಮ್ಮ ಬಾಗಿಲಿಗೆ ಬಂತು. ಬಾರದಿದ್ದರೆ ಜಗಳವಾದರೂ ಆಗುತ್ತಿತ್ತು, ಬಂದದ್ದರಿಂದ ಮೌನವಾಯಿತು. ತುರುವೇಕೆರೆಯವರೆಗೂ ಅವರ ಬೆನ್ನನ್ನೇ ನೋಡುತ್ತ ಕುಳಿತೆ. ಆ ಬೆನ್ನು ಎಷ್ಟರವರೆಗೆ ಹೋಗಬಹುದೆಂಬ ಲೆಕ್ಕಾಚಾರ ನನ್ನೊಳಗೆ ನಡೆದಿತ್ತು. ಸಂಜೆ ಕೆಂಚಪ್ಪನಿಗೆ ಹೇಳಿ ಬೆಲೆ ಏರಿಸಿದೆ. ಮರುದಿನ ಅವರೂ ಏರಿಸಿದರು. ಬೇಡಿಕೆ ಹೆಚ್ಚಿದಂತೆ ಬೆಲೆ ಹೆಚ್ಚುತ್ತದೆಂದು ಅವರು ತರಗತಿಯಲ್ಲಿ ಪಾಠ ಮಾಡುವುದು ಪಕ್ಕದ ಕೊಠಡಿಯಲ್ಲಿದ್ದ ನನಗೆ ಕೇಳಿಸಿತು, ಮೈ ಉರಿಯಿತು.

ವಸಂತ ಒಂದು ಸಂಜೆ ಸೌಟು ಹಿಡಿದುಕೊಂಡೇ ಕೇಳಿದಳು: "ಆ ತಾಯಿ ಮೆಟ್ಟಿಲಿಳಿಯಕ್ಕಾಗ್ದೆ ಕೂತವ್ರಂತೆ. ನಮಗೆ ಆ ಮನೆ ಸಿಕ್ಕಿದ್ರೆ ಅಲ್ಲಿ ಊಟ ಇಳಿಯುತ್ತೇನ್ರೀ?" ಬಿಟ್ಟುಕೊಡುತ್ತೇನೆಂಬ ಮಾತು ನಾಲಗೆಯ ತುದಿಗೆ ಬರುತ್ತಿತ್ತು, ಆ ಅಡುಗೆಮನೆಯ ಕಿಟಕಿ ನೆನಪಾಗಿ ಹಿಂದಕ್ಕೆ ಹೋಗುತ್ತಿತ್ತು.

ಶನಿವಾರ ಸಂಜೆ ಗೌರಮ್ಮನವರು ಶಾಂತಕುಮಾರರನ್ನೂ ನನ್ನನ್ನೂ ಒಟ್ಟಿಗೇ ಕರೆಸಿದರು. ಜಗುಲಿಯ ಒಂದೊಂದು ತುದಿಯಲ್ಲಿ ಒಬ್ಬೊಬ್ಬರು ಕುಳಿತೆವು. ಕಾಫಿ ಬಂತು. ರುದ್ರಯ್ಯನವರು ನಮ್ಮ ಕಡೆ ನೋಡದೆ ರಸ್ತೆ ನೋಡುತ್ತಿದ್ದರು.

"ತಪ್ ತಿಳ್ಕಬ್ಯಾಡಿ ಮೇಷ್ಟ್ರೆ" ಎಂದು ಗೌರಮ್ಮನವರು ಶುರುಮಾಡಿದರು. "ನೀವಿಬ್ರೂ ಬಂದ್ ಬಂದು, ಗಾಳಿ ಚೆನ್ನಾಗೈತೆ, ಬೆಳಕು ಚೆನ್ನಾಗೈತೆ ಅಂತ ಹೊಗಳಿದ್ದೇ ಹೊಗಳಿದ್ದು. ಮದ್ವೆ ಆಗಿ ಬಂದಾಗ್ಲಿಂದ ಇಲ್ಲೇ ಇದ್ದೀನಿ, ನನಗ್ ಕಂಡೇ ಇರ್ಲಿಲ್ಲ ಕಣ್ರೀ. ಮೊನ್ನೆ ಮಧ್ಯಾಹ್ನ ನಡುಮನೇಲಿ ಸುಮ್ಕೆ ಕೂತ್ಕಂಡು ನೋಡ್ದೆ. ದಿಟ, ಗಾಳಿ ಚೆನ್ನಾಗೈತೆ. ನಾನ್ ಮನೆ ಕೊಡಾಕಿಲ್ಲ."

ರುದ್ರಯ್ಯನವರಿಗೆ ತಡೆಯಲಾಗಲಿಲ್ಲ. "ಮೊನ್ನೆಗಂಟ ಈ ಮನೆ ಹಾಳಾಗೋಗ್ಲಿ ಅಂತಿದ್ಲು ಕಣ್ರೀ ಇವ್ಳು!"

"ಆವಾಗ ಯಾರ್ಗೂ ಬೇಕಾಗಿರ್ಲಿಲ್ವಲ್ಲ" ಎಂದರು ಗೌರಮ್ಮ. "ತೋಟದ ಮನೆಗೆ ಕಾಯಿ ತುಂಬ್ಕಳಿ ಬುಡಿ, ಅದಕ್ಕೂ ಜಾಗ ಬೇಕು."

ಹೊರಗೆ ಬಂದು ನಾವಿಬ್ಬರೂ ಬೀದಿಯಲ್ಲಿ ನಿಂತೆವು. ಸೋತದ್ದಕ್ಕೆ ದುಃಖಪಡಬೇಕೋ, ಎದುರಾಳಿಯೂ ಸೋತನೆಂದು ಸಮಾಧಾನಪಡಬೇಕೋ ತಿಳಿಯಲಿಲ್ಲ. ಎರಡನೆಯದೇ ಮೊದಲು ಬಂತೆಂಬುದು ನನ್ನ ಸಂಸ್ಕಾರದ ಬಗ್ಗೆ ಒಳ್ಳೆಯ ಅಭಿಪ್ರಾಯ ಹುಟ್ಟಿಸುವಂಥದಲ್ಲ. ಮನುಷ್ಯನಿಗೆ ತನಗೇನು ಬೇಕೆಂಬುದು ಇನ್ನೊಬ್ಬನ ಕಣ್ಣಿನಿಂದಲೇ ಗೊತ್ತಾಗುವುದೇನೋ. ಗೌರಮ್ಮನವರಿಗೆ ನಮ್ಮಿಂದ ತಿಳಿಯಿತು. ನನ್ನ ವಿಷಯದಲ್ಲಿ, ಆ ಮನೆಯನ್ನು ನಾನಾಗಿಯೇ ಬಯಸಿದ್ದು ಎಷ್ಟು, ಶಾಂತಕುಮಾರರು ಬಯಸಿದ್ದರಿಂದ ಬಯಸಿದ್ದು ಎಷ್ಟು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

"ಹತ್ತಿ ಸಾರ್, ಮನೆತನಕ ಬಿಡ್ತೀನಿ" ಎಂದರು ಅವರು. ಹತ್ತಿದೆ. ಒಂದಿಷ್ಟು ದೂರ ಹೋದ ಮೇಲೆ ಅವರ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾಯಿತು. ನಗುತ್ತಿದ್ದರು. "ಕರಿಬೇವು!" ಎಂದು ಮತ್ತೂ ನಕ್ಕರು.

ಮುಂದಿನ ವಾರ ಕಾಲೇಜಿಗೆ ಹೋಗುವ ದಾರಿಯಲ್ಲಿ ಅವರ ಫೋನು ಬಡಿದುಕೊಂಡಿತು. ಬೈಕು ನಿಲ್ಲಿಸಿ ತೆಗೆದುಕೊಂಡರು. ಆ ಕಡೆಯ ಕೆಂಚಪ್ಪನ ದನಿ ಸಣ್ಣಗೆ ನನಗೂ ಕೇಳಿಸಿತು. "ಒಬ್ರೇ ಇದ್ದೀರಾ ಸಾರ್?"

"ಇಲ್ಲ ಕಣಪ್ಪ, ಮೇಷ್ಟ್ರೂ ಅವ್ರೆ. ಸ್ಪೀಕರ್ ಹಾಕ್ತೀನಿ, ಜೋರಾಗಿ ಹೇಳು."

ರೈಲ್ವೆ ಸ್ಟೇಷನ್ ಹತ್ತಿರ ಒಂದು ಮನೆ ಬಂದಿದೆ, ಕೆಳಗಡೆಯೇ ಇದೆ, ಹಿತ್ತಲೂ ಇದೆ ಎಂದ ಕೆಂಚಪ್ಪ. ಫೋನು ಜೇಬಿಗೆ ಸೇರಿತು. ಆ ಮನೆ ಇವರಿಗೆ ಇಷ್ಟವಾಗದಿರಲಿ ಎಂದು ನನ್ನ ಮನಸ್ಸು ಆಗಲೇ ಹರಕೆ ಹೊರಲು ಹೊರಟಿತ್ತು. ಅದು ಪೂರ್ತಿ ಹೊರುವುದರೊಳಗೆ ಬಾಯಿಬಿಟ್ಟೆ. "ಮೊದಲು ನಿಮ್ಮ ತಾಯಿಯವರನ್ನ ಕರ್ಕೊಂಡು ಹೋಗಿ ನೋಡ್ಕೊಂಡ್ ಬನ್ನಿ ಸಾರ್. ನಿಮಗೆ ಬೇಡ ಅಂದ್ರೆ ಆಮೇಲೆ ನಾವು ಹೋಗ್ತೀವಿ."

ಅವರು ತಿರುಗಿ ನನ್ನನ್ನು ನೋಡಿದರು, ಬೈಕು ಹೊರಡಿಸಿದರು. ಮಾತನ್ನೇನೋ ಆಡಿಬಿಟ್ಟಿದ್ದೆ; ತುರುವೇಕೆರೆ ಬರುವತನಕ, ನೋಡಿಯೇ ಇರದ ಆ ಮನೆಯ ಅಡುಗೆಮನೆಗೆ ಕಿಟಕಿ ಯಾವ ಕಡೆಗಿರಬಹುದೆಂಬ ತಳಮಳ ಮಾತ್ರ ನನ್ನನ್ನು ಬಿಡಲಿಲ್ಲ.